ಒಂಬತ್ತು ಓದುಗರು

ನಾನು ಕೋರ್ಟಿನಲ್ಲಿ ಹೆಸರು ಕೂಗುವ ಕೆಲಸದಲ್ಲಿದ್ದಾಗ, ತೀರಿಕೊಂಡು ಎರಡು ವರ್ಷವಾಗಿದ್ದ ಸಾಕ್ಷಿಯೊಬ್ಬ ನನ್ನ ಮೂರನೇ ಕೂಗಿಗೆ ಎದ್ದು ಬಂದು ಕಟಕಟೆ ಹತ್ತಿದ. ನ್ಯಾಯಾಧೀಶರು ಪೆನ್ನು ಕೆಳಗಿಟ್ಟು, "ಕರೆಸಿದ್ದೇನೋ ಸರಿ, ಇವನನ್ನು ವಾಪಸು ಕಳಿಸುವವರು ಯಾರು?" ಎಂದು ನನ್ನನ್ನೇ ಕೇಳಿದರು. ಮೂವತ್ತೊಂದು ವರ್ಷ ಆ ಉದ್ದನೆಯ ಪಡಸಾಲೆಯಲ್ಲಿ ನಿಂತು ಕೂಗಿದ್ದೇನೆ. ಮೊದಲ ಕೂಗಿಗೆ ಸೂರಿನ ಪಾರಿವಾಳಗಳು ಹಾರುತ್ತಿದ್ದವು. ಎರಡನೆಯದಕ್ಕೆ ಕ್ಯಾಂಟೀನಿನ ಲೋಟಗಳು ಅದುರುತ್ತಿದ್ದವು. ಮೂರನೆಯದಕ್ಕೆ ಪಕ್ಕದ ಊರಲ್ಲಿ ಅದೇ ಹೆಸರಿನವರು ಯಾರಾದರೂ ಇದ್ದರೆ ಅವರೂ ಬಸ್ಸು ಹತ್ತಿ ಬರುತ್ತಿದ್ದರು. ಮೊಮ್ಮಗಳು ನನ್ನನ್ನು 'ಮೈಕ್ ತಾತ' ಎಂದು ಕರೆಯುವುದು ಸುಮ್ಮನೆ ಅಲ್ಲ.

ಇಂಥವನು ನಿವೃತ್ತನಾಗಿ ಮನೆಯಲ್ಲಿ ಕೂತರೆ ಮನೆಯವರ ಕಿವಿಯ ಗತಿ ಏನಾಗಬೇಕು? ನನ್ನ ಹೆಂಡತಿಯೇ ಸೊಸೆಯ ಹತ್ತಿರ ಹೋಗಿ ಗೋಗರೆದಳಂತೆ: "ಇವರಿಗೆ ಏನಾದ್ರೂ ಕೆಲಸ ಕೊಡಮ್ಮ, ಬಾಯಿಂದ ಮಾಡೋ ಕೆಲಸ ಮಾತ್ರ ಬೇಡ."

ಸೊಸೆ ವಕೀಲೆ. ಕೋರ್ಟು ಮುಗಿಸಿ ಬಂದು ಊಟದ ಮೇಜಿನ ಒಂದು ಮೂಲೆಯಲ್ಲಿ ಕೂತು ಕಾನೂನಿನ ಬ್ಲಾಗು ಬರೆಯುತ್ತಾಳೆ. ಹೆಸರು 'ಮನೆಮಂದಿಯ ಕಾನೂನು'. ಬಾಡಿಗೆಯ ಮುಂಗಡ ವಾಪಸು ಬಾರದಿದ್ದರೆ ಏನು ಮಾಡಬೇಕು, ಉಯಿಲಿಗೆ ಎಷ್ಟು ಸಾಕ್ಷಿ ಬೇಕು, ಹೊಡೆಯುವ ಗಂಡನಿಂದ ರಕ್ಷಣೆ ಕೇಳುವುದು ಹೇಗೆ, ಇಂಥವು. ವಾರಕ್ಕೊಂದು ಲೇಖನ, ಸೋಮವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ. ವಕೀಲರಿಗೆಂದೇ ಮಾಡಿದ ಸಲಕರಣೆಗಳು ಅವಳ ಫೋನಿನಲ್ಲಿ ಬೇಕಾದಷ್ಟಿದ್ದವು. ವಿಚಾರಣೆಯ ದಿನ ನೆನಪಿಸುವುದಕ್ಕೆ ಒಂದು, ಕಕ್ಷಿದಾರರ ಕಾಗದಪತ್ರ ಬೀಗ ಹಾಕಿ ಇಡುವುದಕ್ಕೆ ಇನ್ನೊಂದು. ಆದರೆ ಆ ಬೀಗದ್ದು ತೆರೆದುಕೊಳ್ಳುವಷ್ಟರಲ್ಲಿ ಚಹಾ ಆರಿಹೋಗುತ್ತಿತ್ತು. ಹಾಗಾಗಿ ಅವಳಿಗೊಂದು ಅಭ್ಯಾಸ ಬಿದ್ದಿತ್ತು. ಕಕ್ಷಿದಾರರ ಜೊತೆ ಮಾತಾಡಿ ಬಂದಕೂಡಲೇ ಟಿಪ್ಪಣಿಯನ್ನು ಬ್ಲಾಗಿನ ಕರಡಿನಲ್ಲೇ ಬರೆದಿಡುತ್ತಿದ್ದಳು. ಆಮೇಲೆ ಬಿಡುವಾದಾಗ ಹೆಸರು, ಬೀದಿ, ಊರು ಎಲ್ಲ ಬದಲಿಸಿ ಅದನ್ನೇ ಲೇಖನ ಮಾಡುತ್ತಿದ್ದಳು.

"ಕರಡು ಹೊರಗಿನವರಿಗೆ ಕಾಣಲ್ಲ ಬಿಡಿ ಮಾವ," ಎಂದಿದ್ದಳು.

ನನಗೆ 'ಸಹಾಯಕ' ಎಂಬ ಹೆಸರಿನಲ್ಲಿ ಒಂದು ಪ್ರವೇಶ ಕೊಟ್ಟಳು. ಕಾಗುಣಿತ ತಿದ್ದುವುದು, ಕಾಮೆಂಟುಗಳಲ್ಲಿ ಬರುವ ಸಾಲದ ಜಾಹೀರಾತು, ಕೂದಲೆಣ್ಣೆಯ ಜಾಹೀರಾತು ಅಳಿಸುವುದು ನನ್ನ ಕೆಲಸ. ನಾನು ಕೈಯಿಟ್ಟ ಆರು ತಿಂಗಳಲ್ಲಿ ನಲವತ್ತು ಇದ್ದ ಓದುಗರು ಹತ್ತು ಸಾವಿರ ಆದರು. ಪಾರ್ಕಿನ ಬೆಂಚಿನ ಮೇಲೆ ಕೂರುವ ನನ್ನ ಹಳೇ ಸಹೋದ್ಯೋಗಿಗಳು, ನಿವೃತ್ತ ಅಮೀನ ಮತ್ತು ನಿವೃತ್ತ ಬೆರಳಚ್ಚುಗಾರ, ಹೊಟ್ಟೆಕಿಚ್ಚಿನಿಂದ ಒಂದು ವಾರ ಅನ್ನ ಬಿಟ್ಟಿದ್ದರು.

ಹೀಗೆ ವೈಭವದಲ್ಲಿ ನಡೆಯುತ್ತಿದ್ದಾಗ ಆ ಸೋಮವಾರ ಬಂತು.

ಮಧ್ಯಾಹ್ನ ಹನ್ನೆರಡಕ್ಕೆ ಸೊಸೆ ಮನೆಗೆ ಬಂದಳು. ಕೋರ್ಟಿನ ದಿನ ಅವಳು ಸಂಜೆ ಆರಕ್ಕಿಂತ ಮುಂಚೆ ಬಂದವಳೇ ಅಲ್ಲ. ಕಪ್ಪು ಕೋಟು ಮೈಮೇಲೇ ಇತ್ತು. ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು ಕುರ್ಚಿಯ ಮೇಲೆ ಕೂತಳು. ನನ್ನ ಹೆಂಡತಿ ಅಡುಗೆಮನೆಯಿಂದಲೇ, "ಏನಮ್ಮ, ತಲೆನೋವಾ? ಅನ್ನ ಬಡಿಸ್ಲಾ?" ಎಂದಳು.

"ಅತ್ತೆ, ನನ್ನ ಕರಡು ಹೊರಗೆ ಹೋಗಿದೆ."

"ಹೊರಗೆ ಅಂದ್ರೆ?"

"ಬ್ಲಾಗಿನಲ್ಲಿ ಪ್ರಕಟ ಆಗಿದೆ. ಹತ್ತೂ ನಾಲ್ಕಕ್ಕೆ. ನಾನು ಕೋರ್ಟಿನ ಬಾಗಿಲಲ್ಲಿ ಕಾಯ್ತಾ ಕೂತಿದ್ದೆ, ಕಾಮೆಂಟು ಬಂತು ಅಂತ ಫೋನು ಸದ್ದು ಮಾಡ್ತು. ತೆಗೆದು ನೋಡಿದ್ರೆ..." ಅವಳು ಕೈಯಲ್ಲಿದ್ದ ಫೋನನ್ನು ತಿರುಗಿಸಿ ಹಿಡಿದಳು. "ಹತ್ತೂ ಇಪ್ಪತ್ತಾರಕ್ಕೆ ಅಳಿಸಿದೆ. ಇಪ್ಪತ್ತೆರಡು ನಿಮಿಷ ಎಲ್ಲರಿಗೂ ಕಾಣ್ತಾ ಇತ್ತು."

ಆ ಕರಡು ಹೊಲಿಗೆ ಕೆಲಸದ ಒಬ್ಬ ಹೆಣ್ಣುಮಗಳದ್ದು. ಗಂಡ ಎರಡು ಸಲ ಅವಳ ಕೈ ಮುರಿದಿದ್ದ. 'ಎಲ್ಲಿದ್ದರೂ ಹುಡುಕಿ ಮುಗಿಸುತ್ತೇನೆ' ಎಂದು ಅವಳ ತಂಗಿಯ ಮುಂದೆ ಹೇಳಿಹೋಗಿದ್ದ. ಅವಳು ಮನೆ ಬಿಟ್ಟು ಅಡಗಿದ ಜಾಗ ಅವಳ ದೊಡ್ಡಮ್ಮನಿಗೆ ಮತ್ತು ನನ್ನ ಸೊಸೆಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಕರಡಿನಲ್ಲಿ ಅವಳ ಹೆಸರಿತ್ತು. ಅದರ ಕೆಳಗೆ ಇನ್ನೊಂದು ಸಾಲು: ಹಳೇ ಹಾಲಿನ ಡಿಪೋ ಹಿಂದೆ, ಮೂರನೇ ಮಹಡಿ, ಹಸಿರು ಬಾಗಿಲು.

"ಎಷ್ಟು ಜನ ನೋಡಿದಾರೆ?" ಎಂದು ಹೆಂಡತಿ ಕೇಳಿದಳು.

"ಒಂಬತ್ತು."

"ಒಂಬತ್ತೇ ತಾನೇ, ಅಷ್ಟರಲ್ಲಿ ಅವನೇ ಯಾಕಿರ್ತಾನೆ?"

ಸೊಸೆ ಫೋನನ್ನು ಮೇಜಿನ ಮೇಲೆ ಇಟ್ಟು ನಮ್ಮ ಕಡೆ ತಿರುಗಿಸಿದಳು. ಆ ಲೇಖನಕ್ಕೆ ಬಂದಿದ್ದ ಒಂದೇ ಒಂದು ಕಾಮೆಂಟು ಅಲ್ಲಿತ್ತು.

'ಪೂರ್ತಿ ಓದಿದೆ. ಒಂದು ಪ್ರತಿ ಇಳಿಸಿ ಇಟ್ಟುಕೊಂಡಿದ್ದೇನೆ. — ಒಬ್ಬ ಗಂಡ.'

ನನ್ನ ಕಾಲಿನ ಕೆಳಗಿನ ನೆಲ ಹನ್ನೆರಡು ಅಡಿ ಕುಸಿಯಿತು. ಇದು ಉತ್ಪ್ರೇಕ್ಷೆಯಲ್ಲ. ಬೇಕಾದರೆ ಅಳೆದು ನೋಡಿ.

"ಮಾವ, ನೀವು ಬೆಳಿಗ್ಗೆ ಬ್ಲಾಗು ತೆರೆದಿದ್ರಾ?"

"ನಾನಾ?" ಎಂದೆ. "ಯಂತ್ರ ಕಣಮ್ಮ ಅದು. ಸೋಮವಾರ ಹತ್ತಕ್ಕೆ ತಾನೇ ಹಾಕೋ ಹಾಗೆ ನೀನೇ ಹೇಳಿಟ್ಟಿದ್ದೆ. ಅದಕ್ಕೆ ಹೊಸ ಲೇಖನ ಸಿಗ್ಲಿಲ್ಲ, ಕೈಗೆ ಸಿಕ್ಕಿದ್ದು ಹಾಕಿಬಿಡ್ತು. ಇಲ್ಲಾಂದ್ರೆ ಯಾವನೋ ಹ್ಯಾಕರ್ರು ನುಗ್ಗಿದಾನೆ. ಈಗ ಹ್ಯಾಕರ್ರುಗಳು ಬಸ್ಸಿನಲ್ಲಿ ಬಂದ ಹಾಗೆ ಬರ್ತಾರೆ."

ಅವಳು ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ. ಸಂಜೆ ಮಗ ಬಂದ. ಅವನದು ಕನ್ನಡಕದ ಅಂಗಡಿ, ಎದುರಿಗೆ ಕೂತವರಿಗೆಲ್ಲ ಸಣ್ಣ ಅಕ್ಷರ ಓದಿಸಿ ಓದಿಸಿ ಅವನ ಮಾತೂ ಚುಟುಕು. ವಿಷಯ ಕೇಳಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ.

"ವಕೀಲಿ ಸನದು ಹೋಗುತ್ತಾ?"

"ಹೋದ್ರೂ ಹೋಗಬಹುದು," ಎಂದಳು ಸೊಸೆ. "ಅದು ಆಮೇಲಿನ ಮಾತು. ಮೊದಲು ಅವಳು."

"ಅಪ್ಪನಿಗೆ ಲಾಗಿನ್ ಕೊಟ್ಟಿದ್ದೇ ತಪ್ಪು."

"ನನ್ನ ಮೇಲೆ ಯಾಕೋ ಹಾಕ್ತೀಯ?" ಎಂದು ನಾನು ಗುಡುಗಿದೆ. ತಟ್ಟೆಗಳು ಅದುರಿದವು. "ನಿನ್ನ ಅಂಗಡೀಲಿ ಗಾಜು ಒಡೆದ್ರೂ ನಾನೇನಾ?"

"ಒಡೆದ್ರೆ ನೀವೇ ಅಪ್ಪ, ಹೋದ ತಿಂಗಳು ಎರಡು ಒಡೆದ್ರಿ."

"ಊಟದ ಮುಂದೆ ಜಗಳ ಬೇಡ," ಎಂದಳು ಹೆಂಡತಿ. ಆ ರಾತ್ರಿ ಯಾರೂ ಊಟ ಮಾಡಲಿಲ್ಲ. ಮಾಡಿದ ಬೇಳೆ ಮಾರನೇ ದಿನಕ್ಕೆ ಹಾಗೇ ಉಳಿಯಿತು.

ಮಂಗಳವಾರ ಸೊಸೆ ಎರಡು ಕೆಲಸ ಮಾಡಿದಳು. ಬ್ಲಾಗು ಇಟ್ಟಿರುವ ಕಂಪನಿಗೆ ಪತ್ರ ಬರೆದು, ಆ ಇಪ್ಪತ್ತೆರಡು ನಿಮಿಷದಲ್ಲಿ ಯಾರು ಯಾರು ಎಲ್ಲಿಂದ ಆ ಪುಟ ತೆರೆದರು, ಕಾಮೆಂಟು ಎಲ್ಲಿಂದ ಬಂತು, ಬ್ಲಾಗಿನ ಹಳೇ ದಾಖಲೆಯ ಸಮೇತ ಪಟ್ಟಿ ಕೊಡಿ ಎಂದು ಕೇಳಿದಳು. ಅವರು ಎರಡು ಮೂರು ವಾರ ಆಗುತ್ತದೆ ಎಂದರು. ಎರಡನೆಯದು, ಹೊಲಿಗೆಯಾಕೆಯನ್ನು ಆ ಹಸಿರು ಬಾಗಿಲಿನ ಮನೆಯಿಂದ ಕರೆತಂದಳು. ಹೆಂಗಸರ ಆಶ್ರಯಧಾಮದಲ್ಲಿ ಜಾಗ ಇರಲಿಲ್ಲ. ನಮ್ಮ ಮನೆಗೇ ಕರೆತಂದಳು.

ಸಣ್ಣ ಮೈಕಟ್ಟಿನ ಹೆಣ್ಣುಮಗಳು. ಒಂದು ಬಟ್ಟೆಯ ಚೀಲ, ಅದರಲ್ಲಿ ಎರಡು ಜೊತೆ ಬಟ್ಟೆ, ಒಂದು ದೊಡ್ಡ ಕತ್ತರಿ. ನನ್ನ ಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟೆ. ಬಿಟ್ಟುಕೊಟ್ಟೆ ಎಂದರೆ ಹೆಂಡತಿ ನನ್ನ ಹಾಸಿಗೆ ಎತ್ತಿ ಹಜಾರದಲ್ಲಿ ಹಾಕಿದಳು. ಬಂದ ದಿನವೇ ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಮೇಡಂ, ಆ ಪ್ರತಿ ಅವನ ಹತ್ರ ಇದ್ಯಾ?"

"ಅವನೇ ಅಂತ ಗೊತ್ತಿಲ್ಲ. ಪಟ್ಟಿ ಬರ್ಲಿ."

"ಬೇರೆ ಯಾವ ಗಂಡ ನನ್ನ ವಿಷಯ ಓದಿ ಪ್ರತಿ ಇಟ್ಕೊಳ್ತಾನೆ?"

ನಾನು ಪತ್ರಿಕೆಯ ಹಿಂದೆ ಇದ್ದೆ. ಒಂದೇ ಸಾಲನ್ನು ನಾನೂರು ಸಲ ಓದಿದೆ.

ಮನೆಯಲ್ಲಿ ಎಲ್ಲ ಬದಲಾಯಿತು. ಮಗ ಮುಂಬಾಗಿಲಿಗೆ ಸರಪಳಿ ಹಾಕಿಸಿದ, ಹಿತ್ತಲ ಬಾಗಿಲಿಗೆ ಹೊಸ ಅಗುಳಿ. ಮೊಮ್ಮಗಳಿಗೆ ಹದಿನಾರು, ಅವಳ ಈಜಿನ ಅಭ್ಯಾಸ ನಿಂತಿತು. ನಾಲ್ಕಕ್ಕೆ ಮನೆಯಲ್ಲಿರಬೇಕು ಎಂದು ಅಪ್ಪನ ಕಟ್ಟಪ್ಪಣೆ.

"ಇನ್ನೊಬ್ರ ಗಂಡನಿಗೆ ನಾನ್ಯಾಕಪ್ಪ ಹೆದರಬೇಕು?"

"ನಿಮ್ಮಮ್ಮನ ವಿಳಾಸ ಬ್ಲಾಗಿನ ಕೆಳಗೇ ಇದೆ, ಅದಕ್ಕೆ."

ಅವತ್ತಿನವರೆಗೆ ನಮಗೆ ಯಾರಿಗೂ ಅದು ಹೊಳೆದಿರಲಿಲ್ಲ.

ಹೊಲಿಗೆಯಾಕೆ ಸುಮ್ಮನೆ ಕೂರುವವಳಲ್ಲ. ಬೆಳಿಗ್ಗೆ ಎದ್ದು ತರಕಾರಿ ಹೆಚ್ಚುತ್ತಿದ್ದಳು, ಪಾತ್ರೆ ತೊಳೆಯುತ್ತಿದ್ದಳು, ಮನೆಯಲ್ಲಿದ್ದ ಪರದೆಗಳ ಅಂಚನ್ನೆಲ್ಲ ಬಿಚ್ಚಿ ಮತ್ತೆ ಹೊಲಿದಳು. ಆದರೆ ಯಾವಾಗಲೂ ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವ ಹಾಗೆ. ಕುಕ್ಕರಿನ ಸೀಟಿಗೂ ಬೆಚ್ಚುತ್ತಿದ್ದಳು. ನನ್ನ ಹೆಂಡತಿ ಕುಕ್ಕರ್ ಇಡುವ ಮುಂಚೆ, "ಈಗ ಮೂರು ಸೀಟಿ ಬರುತ್ತಮ್ಮ," ಎಂದು ಹೇಳಿಯೇ ಇಡುವುದನ್ನು ರೂಢಿ ಮಾಡಿಕೊಂಡಳು.

ಎರಡನೇ ವಾರ, ಒಂದು ಮಧ್ಯಾಹ್ನ ಮೂರಕ್ಕೆ ಕರೆಗಂಟೆ ಬಡಿಯಿತು. ಆ ಹೊತ್ತಿಗೆ ಬರುವವರು ಯಾರೂ ಇರಲಿಲ್ಲ. ಕತ್ತರಿ ನೆಲಕ್ಕೆ ಬಿದ್ದ ಸದ್ದಾಯಿತು, ಬಚ್ಚಲಮನೆಯ ಚಿಲಕ ಬಿತ್ತು. ಶಾಲೆಗೆ ರಜೆಯಿದ್ದ ಮೊಮ್ಮಗಳು ಪೊಲೀಸಿನ ನಂಬರು ಒತ್ತಿ, ಕರೆ ಹೋಗುವ ಗುಂಡಿಯ ಮೇಲೆ ಬೆರಳಿಟ್ಟು ನಿಂತಳು. ನಾನು ಎದೆಯುಬ್ಬಿಸಿ ಬಾಗಿಲು ತೆರೆದು "ಯಾವನೋ ಅವನು!" ಎಂದು ಕೂಗಿದ ರಭಸಕ್ಕೆ ಬಂದವನು ಬೀದಿಯ ಕೊನೆಯವರೆಗೂ ಉರುಳಿಕೊಂಡು ಹೋದ.

"ಸುಳ್ಳು," ಎಂದಳು ಹೆಂಡತಿ, ರಾತ್ರಿ ಮಗನಿಗೆ ವರದಿ ಒಪ್ಪಿಸುವಾಗ. "ಇವರು ಛತ್ರಿ ಹಿಡ್ಕೊಂಡು ಬಾಗಿಲ ಹಿಂದೆ ನಿಂತಿದ್ರು. ಸರಪಳಿ ಸಂದಿಯಲ್ಲಿ ನೋಡಿದವಳು ನಾನು. ಕರೆಂಟು ಮೀಟರ್ ನೋಡೋ ಹುಡುಗಿ."

ಯಾರೂ ನಗಲಿಲ್ಲ. ಹೊಲಿಗೆಯಾಕೆ ಬಚ್ಚಲಿನಿಂದ ಹೊರಗೆ ಬರಲು ಒಂದು ಗಂಟೆ ಹಿಡಿಯಿತು. ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ನನ್ನ ಹೆಂಡತಿ ಬಟಾಣಿ ಬಿಡಿಸುತ್ತಾ, ಅದೂ ಇದೂ ಮಾತಾಡುತ್ತಾ ಕೂತಿದ್ದಳು. ನಾನೂ ಎರಡು ಸಲ ಆ ಬಾಗಿಲ ಹತ್ತಿರ ಹೋದೆ. ಒಂದು ಮಾತು ಹೇಳುವುದಿತ್ತು. ಹೋದ ಹಾಗೇ ವಾಪಸು ಬಂದೆ.

"ಏನ್ರೀ, ಓಡಾಡ್ತಾ ಇದೀರ?" ಎಂದಳು ಹೆಂಡತಿ.

"ಕಾಲು ಜೋಮು ಹಿಡಿದಿದೆ."

"ಬಾಯಿಗೆ ಹಿಡಿದಿದ್ರೆ ಚೆನ್ನಾಗಿತ್ತು."

ನಿಜ ಹೇಳಬೇಕೆಂದರೆ ಬಾಯಿಗೂ ಹಿಡಿದಿತ್ತು. ಪಾರ್ಕಿನ ಬೆಂಚಿಗೆ ಹೋಗುವುದನ್ನು ಬಿಟ್ಟಿದ್ದೆ. ಸೊಸೆ ಪ್ರತಿ ಬೆಳಿಗ್ಗೆ ಫೋನಿನಲ್ಲಿ ಇಮೇಲು ತೆರೆಯುವಾಗ ಅವಳ ಮುಖ ನೋಡುತ್ತಿದ್ದೆ. "ಪಟ್ಟಿ ಬಂತಾಮ್ಮ?" "ಇಲ್ಲ ಮಾವ." ಅವಳಿಗೆ ನಿರಾಸೆ. ನನಗೆ ಇನ್ನೊಂದು ದಿನ ಉಸಿರು.

ರಕ್ಷಣೆಯ ಆದೇಶಕ್ಕೆ ವಿಚಾರಣೆ ಮೂರನೇ ವಾರದ ಶುಕ್ರವಾರ ಇತ್ತು. ಗುರುವಾರ ಬೆಳಿಗ್ಗೆ ನಾವೆಲ್ಲ ತಿಂಡಿಗೆ ಕೂತಿದ್ದೆವು. ಬ್ರೆಡ್ಡು, ಬೇಯಿಸಿದ ಮೊಟ್ಟೆ. ಹೊಲಿಗೆಯಾಕೆ ಕೋಣೆಯಿಂದ ಹೊರಬಂದಳು, ಹೆಗಲಲ್ಲಿ ಅದೇ ಬಟ್ಟೆಯ ಚೀಲ.

"ಮೇಡಂ, ನಾನು ವಾಪಸು ಹೋಗ್ತೀನಿ."

"ಎಲ್ಲಿಗೆ?"

"ಅವನ ಹತ್ರ."

ಸೊಸೆ ಕೈಯಲ್ಲಿದ್ದ ಬ್ರೆಡ್ಡನ್ನು ತಟ್ಟೆಗೆ ಇಟ್ಟಳು.

"ನಾಳೆ ವಿಚಾರಣೆ ಇದೆ," ಎಂದಳು ಸೊಸೆ ಮೆಲ್ಲಗೆ. "ಒಂದೇ ದಿನ."

"ಆದೇಶ ಕಾಗದದ ಮೇಲಿರುತ್ತೆ ಮೇಡಂ, ಅವನು ಬಾಗಿಲಲ್ಲಿರ್ತಾನೆ. ಅವನಿಗೆ ಗೊತ್ತಾಗಿದೆ. ಹಸಿರು ಬಾಗಿಲಿನ ಮನೆ ಗೊತ್ತು, ನಿಮ್ಮ ಮನೆ ಗೊತ್ತು. ಈ ಹುಡುಗಿಗೆ ಏನಾದ್ರೂ ಆದ್ರೆ?" ಅವಳು ನನ್ನ ಮೊಮ್ಮಗಳನ್ನು ತೋರಿಸಿದಳು. "ಅವನಾಗಿ ಬಂದು ಎಳ್ಕೊಂಡು ಹೋಗೋದಕ್ಕಿಂತ ನಾನಾಗಿ ಹೋದ್ರೆ ಏಟು ಕಡಿಮೆ ಬೀಳುತ್ತೆ. ನನಗೆ ಲೆಕ್ಕ ಗೊತ್ತು."

"ಕೂತ್ಕೊಳಮ್ಮ, ಮೊದಲು ತಿನ್ನು," ಎಂದು ನನ್ನ ಹೆಂಡತಿ ಅವಳ ಕೈ ಹಿಡಿದಳು. ಅದೇ ಹೊತ್ತಿಗೆ ಮೇಜಿನ ಮೇಲಿದ್ದ ಸೊಸೆಯ ಫೋನು ಸದ್ದು ಮಾಡಿತು. ಪಕ್ಕದಲ್ಲಿದ್ದ ಮೊಮ್ಮಗಳು ಬಗ್ಗಿ ನೋಡಿದಳು.

"ಅಮ್ಮ, ಪಟ್ಟಿ!"

ನನ್ನ ಗಂಟಲಲ್ಲಿ ಮೊಟ್ಟೆಯ ಚೂರು ನಿಂತಿತು.

ಮೊಮ್ಮಗಳು ಲ್ಯಾಪ್‌ಟಾಪ್ ತಂದು ತೆರೆದಳು. ಸಾಲು ಸಾಲು ಅಂಕಿಗಳು. "ಪ್ರತಿ ಇಂಟರ್ನೆಟ್ ಸಂಪರ್ಕಕ್ಕೂ ಒಂದು ನಂಬರು ಇರುತ್ತೆ ಅಜ್ಜಿ, ಮನೆ ನಂಬರ್ ಥರ," ಎಂದು ವಿವರಿಸುತ್ತಾ ಬೆರಳಿಟ್ಟು ಓದಿದಳು. "ಕಾಮೆಂಟು ಬಂದಿದ್ದು... ಇದರಿಂದ." ಆ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಂಡಳು. ಆಮೇಲೆ ಪಟ್ಟಿಯ ಮೇಲಿನ ಭಾಗಕ್ಕೆ ಹೋದಳು, ಮತ್ತೆ ಕೆಳಗೆ ಬಂದಳು.

"ಅಮ್ಮ. ಇದು ನಮ್ಮ ಮನೆ ನಂಬರು. ರಾತ್ರಿ ನೀನು ಇಲ್ಲಿ ಕೂತು ಬರೀತೀಯಲ್ಲ, ಅದಕ್ಕೂ ಇದೇ ನಂಬರು."

ಮಗ ಎದ್ದು ನಿಂತ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. "ಅಂದ್ರೆ ಅವನು ನಮ್ಮ ವೈಫೈ ಬಳಸಿದಾನೆ. ಇಲ್ಲೇ ಎಲ್ಲೋ ನಿಂತು." ಲಟ್ಟಣಿಗೆ ಎತ್ತಿಕೊಂಡು ಹಿತ್ತಲಿಗೆ ಓಡಿದ. ಮಹಡಿಯ ಮೆಟ್ಟಿಲು ಹತ್ತಿದ ಸದ್ದು ಕೇಳಿಸಿತು. ಸೊಸೆ ಕಿಟಕಿಯ ಪರದೆ ಎಳೆದಳು. ಹೊಲಿಗೆಯಾಕೆ ಗೋಡೆಗೆ ಒರಗಿ ಹಾಗೇ ಕೆಳಕ್ಕೆ ಜಾರಿದಳು.

"ನಾನು ಬರೋಕ್ಕೆ ಮುಂಚೇನೇ ಇಲ್ಲಿಗೆ ಬಂದಿದ್ನಾ? ಮೂರು ವಾರ ಇಲ್ಲೇ ಹೊರಗೆ ಇದ್ನಾ?" ಎಂದು ಕೇಳಿದಳು. ಚೀಲವನ್ನು ಎದೆಗೆ ಒತ್ತಿಕೊಂಡಿದ್ದಳು. "ಬಾಗಿಲು ತೆಗೀರಿ ಮೇಡಂ. ನಾನು ಹೋಗಿಬಿಡ್ತೀನಿ. ಈಗಲೇ."

ಸೊಸೆ ಬಾಗಿಲಿಗೆ ಅಡ್ಡ ನಿಂತಳು. ಈ ಗಲಾಟೆಯಲ್ಲಿ ಕದಲದೆ ಕೂತಿದ್ದವಳು ನನ್ನ ಹೆಂಡತಿ ಒಬ್ಬಳೇ. ನನ್ನನ್ನೇ ನೋಡುತ್ತಿದ್ದಳು. ನಲವತ್ತಮೂರು ವರ್ಷ ನನ್ನ ಜೊತೆ ಬಾಳಿದ ಕಣ್ಣು ಅದು.

"ರೀ."

"ಏನೇ?"

"ಆ ಸೋಮವಾರ ಹತ್ತು ಗಂಟೆಗೆ ಮನೇಲಿ ಯಾರಿದ್ರು?"

"ನೀನಿದ್ದೆ."

"ನನಗೆ ಆ ಕಂಪ್ಯೂಟರ್ ಡಬ್ಬಿ ಮುಚ್ಚಳ ತೆಗೆಯೋಕೂ ಬರಲ್ಲ. ಇನ್ಯಾರಿದ್ರು?"

ಮೊಮ್ಮಗಳು ಪಟ್ಟಿಯಿಂದ ತಲೆ ಎತ್ತಿದಳು. "ತಾತ, ಇಲ್ಲಿ ಇನ್ನೂ ಇದೆ. ಹತ್ತೂ ನಾಲ್ಕಕ್ಕೆ ಪ್ರಕಟಿಸಿದವರು, ಸಹಾಯಕ. ಇದೇ ನಂಬರಿನಿಂದ ಹಳೇ ಕಾಮೆಂಟುಗಳೂ ಇವೆ. 'ಕಣ್ಣು ತೆರೆಸಿದ ಲೇಖನ, ಒಬ್ಬ ಶಿಕ್ಷಕಿ.' 'ಅದ್ಭುತ, ಒಬ್ಬ ವಿದ್ಯಾರ್ಥಿ.' 'ಪೂರ್ತಿ ಓದಿದೆ, ಒಬ್ಬ ತಂದೆ.' 'ಒಬ್ಬ ವಿಧವೆ.' 'ಒಬ್ಬ ಬಾಡಿಗೆದಾರ.'..." ಅವಳ ದನಿ ಇಳಿಯುತ್ತಾ ಬಂತು. "ನೂರ ನಲವತ್ತಮೂರು ಇವೆ."

ನಾನು ಏನೋ ಹೇಳಿದೆ.

"ಕೇಳಿಸಲಿಲ್ಲ," ಎಂದಳು ಹೆಂಡತಿ. "ಜೋರಾಗಿ ಹೇಳಿ."

"ಆ ಗಂಡ ನಾನೇ."

ಹಿತ್ತಲಿನಿಂದ ಲಟ್ಟಣಿಗೆಯ ಸಮೇತ ಬಂದ ಮಗ ಹೊಸ್ತಿಲಲ್ಲೇ ನಿಂತ.

ಎಲ್ಲ ಹೇಳಿದೆ. ಬೆಂಚಿನವರಿಗೆ ಈ ವಾರದ ಲೇಖನ ಹತ್ತಕ್ಕೆ ಬರುತ್ತದೆ, ಫೋನು ಹಿಡಿದು ಕೂತಿರಿ ಎಂದು ಕೊಚ್ಚಿಕೊಂಡಿದ್ದೆ. ಹತ್ತಾಯಿತು, ಲೇಖನ ಇಲ್ಲ, ಸೊಸೆ ಕೋರ್ಟಿನಲ್ಲಿ. ಮೇಲೇ ಇದ್ದ ಕರಡಿಗೆ 'ಮನೆ ಬಿಟ್ಟು ಬಂದ ಹೆಣ್ಣಿಗೆ ರಕ್ಷಣೆ' ಎಂದು ತಲೆಬರಹ ಇತ್ತು. ಮುಗಿದಿದೆ ಅಂದುಕೊಂಡು ಗುಂಡಿ ಒತ್ತಿದೆ. ಎಂದಿನ ಹಾಗೆ ಒಂದು ಕಾಮೆಂಟೂ ಹಾಕಿದೆ. ಹೆಂಗಸರ ವಿಷಯವನ್ನು ಗಂಡಸರೂ ಓದುತ್ತಾರೆ ಎಂದು ಕಾಣಲಿ ಅಂತ ಗಂಡನ ಹೆಸರಲ್ಲಿ ಹಾಕಿದೆ.

"ನೀವು ಅದನ್ನ ಓದಿದ್ರಾ ಮಾವ?"

"ಇಲ್ಲಮ್ಮ."

"'ಪೂರ್ತಿ ಓದಿದೆ' ಅಂತ ಬರೆದಿದೀರ."

"ಒಂದಕ್ಷರ ಓದಿಲ್ಲ. ಪ್ರತಿ ಇಳಿಸೋದು ಹೇಗೆ ಅಂತಲೂ ನನಗೆ ಗೊತ್ತಿಲ್ಲ." ಆಮೇಲೆ, ಹುಟ್ಟುಗುಣ ನೋಡಿ, "ಆದ್ರೂ ಆ ಕಾಮೆಂಟು ಬಂದಿದ್ದಕ್ಕೇ ತಾನೇ ನಿನಗೆ ಗೊತ್ತಾಗಿ..." ಎಂದೆ.

"ಬಾಯಿ ಮುಚ್ರೀ!" ಎಂದಳು ಹೆಂಡತಿ.

"ಮೂರು ವಾರ," ಎಂದ ಮಗ. ಅಷ್ಟೇ ಅಂದ. ಲಟ್ಟಣಿಗೆಯನ್ನು ಮೇಜಿನ ಮೇಲಿಟ್ಟು ನನಗೆ ಬೆನ್ನು ಮಾಡಿ ನಿಂತ. ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸೊಸೆ ಮಗಳ ಪಕ್ಕ ಕೂತು ಪಟ್ಟಿಯ ಮೇಲೆ ಬೆರಳು ಓಡಿಸುತ್ತಿದ್ದಳು. "ಒಂಬತ್ತು ಸಲ ತೆರೆದಿದೆ. ಒಂದು ನನ್ನದು, ಕೋರ್ಟಿನ ಬಾಗಿಲಿಂದ. ಉಳಿದ ಎಂಟು?"

"ಎಲ್ಲಾ ಮನೆ ನಂಬರೇ," ಎಂದಳು ಮೊಮ್ಮಗಳು. "ತಾತ, ಎಂಟು ಸಲ ಯಾಕೆ?"

"ಲೆಕ್ಕ ಏರಲಿ ಅಂತ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡ್ತಿದ್ದೆ. ದಿನಾ ಮಾಡ್ತೀನಿ."

"ಹಾಗಾದ್ರೆ ಆ ಹತ್ತು ಸಾವಿರ?"

"ನಾನೇ."

"ನಿಮ್ಮ ಬೆಂಚಿನವರು?" ಎಂದಳು ಹೆಂಡತಿ.

"ಅವರೂ ತೆರೆದಿಲ್ಲ."

ಆರು ತಿಂಗಳು ಕಟ್ಟಿದ ನನ್ನ ಸಾಮ್ರಾಜ್ಯ ಹೀಗೆ ಮೊಟ್ಟೆಯ ಸಿಪ್ಪೆಗಳ ಮಧ್ಯೆ ಬಿತ್ತು. ಗೋಡೆಯ ಬುಡದಲ್ಲಿ ಕೂತಿದ್ದ ಹೊಲಿಗೆಯಾಕೆ ತಲೆ ಎತ್ತಿದಳು.

"ಅಂದ್ರೆ ಯಾರೂ ಓದಿಲ್ವಾ?"

"ಯಾರೂ ಓದಿಲ್ಲ ತಾಯಿ."

"ಅವನು?"

"ಅವನೂ ಇಲ್ಲ. ಯಾರೂ ಓದಿಲ್ಲ."

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನನ್ನ ಮಾತನ್ನು ಯಾಕಾದರೂ ನಂಬಬೇಕು? ಮೊಮ್ಮಗಳು ಲ್ಯಾಪ್‌ಟಾಪನ್ನು ನೆಲದ ಮೇಲಿಟ್ಟು, ಪಕ್ಕದಲ್ಲಿ ಕೂತು, ಒಂಬತ್ತು ಸಾಲನ್ನೂ ಬೆರಳಿಟ್ಟು ತೋರಿಸಿದಳು. ಹೊಲಿಗೆಯಾಕೆ ಒಂದೊಂದೇ ಅಂಕಿಯನ್ನು ಚೀಟಿಯ ಜೊತೆ ಹೋಲಿಸಿ ನೋಡಿದಳು, ಅಳತೆ ಪಟ್ಟಿಯ ಗೆರೆ ನೋಡುವ ಹಾಗೆ. ಆಮೇಲೆ ನನ್ನ ಕಡೆ ತಿರುಗಿದಳು.

"ಇನ್ನೊಂದ್ಸಲ ಹೇಳಿ."

"ಯಾರೂ ಓದಿಲ್ಲ!" ಎಂದೆ. ಇದು ಮೂರನೆಯದು. ದನಿ ತಾನಾಗೇ ಪಡಸಾಲೆಯ ಎತ್ತರಕ್ಕೆ ಏರಿತು. ಅವಳು ಈ ಸಲ ಬೆಚ್ಚಲಿಲ್ಲ. ಚೀಲವನ್ನು ಹೆಗಲಿಂದ ಇಳಿಸಿದಳು, ಮುಖವನ್ನು ಅದರಲ್ಲಿ ಒತ್ತಿ ತುಂಬ ಹೊತ್ತು ಅತ್ತಳು. ಅಷ್ಟು ಹೊತ್ತೂ ನನ್ನ ಹೆಂಡತಿ ಅವಳ ಬೆನ್ನು ಸವರುತ್ತಾ ನನ್ನನ್ನು ದುರುಗುಟ್ಟಿ ನೋಡುತ್ತಿದ್ದಳು.

ಮಾರನೇ ದಿನ ಅವಳು ಕೋರ್ಟಿಗೆ ಹೋದಳು. ಆದೇಶ ಸಿಕ್ಕಿತು. ನಮ್ಮ ಮುಂಬಾಗಿಲ ಸರಪಳಿ ಮಾತ್ರ ಇನ್ನೂ ಹಾಗೇ ಇದೆ. ಸೊಸೆ ಟಿಪ್ಪಣಿಗಳನ್ನೆಲ್ಲ ಬೀಗದ ಸಲಕರಣೆಗೆ ಸಾಗಿಸಿದಳು. "ಕರಡಿನಲ್ಲಿ ವಿಳಾಸ ಇಟ್ಟವಳು ನಾನು, ಅದನ್ನ ನಾನೇ ವಕೀಲರ ಮಂಡಳಿಗೆ ಬರೆದು ಹೇಳ್ತೀನಿ," ಎಂದಳು. 'ಸಹಾಯಕ'ನನ್ನು ಅಳಿಸಿದಳು. ಅಳಿಸುವ ಮುಂಚೆ ನನ್ನನ್ನು ಮೇಜಿನ ಮುಂದೆ ಕೂರಿಸಿಕೊಂಡಳು.

"ಇನ್ನೇನಾದ್ರೂ ಹೇಳೋದಿದ್ಯಾ ಮಾವ? ಇದ್ರೆ ಈಗಲೇ ಹೇಳಿಬಿಡಿ."

ಇತ್ತು. ಆ ಸತ್ತ ಸಾಕ್ಷಿ.

ಅವನು ತೀರಿಕೊಂಡಿದ್ದು ನನಗೆ ಗೊತ್ತಿರಲಿಲ್ಲ. ಕಾಗದದಲ್ಲಿ ಹೆಸರಿತ್ತು, ಕೂಗಿದೆ. ಪಾರಿವಾಳ ಹಾರಲಿಲ್ಲ, ಲೋಟ ಅದುರಲಿಲ್ಲ. ಪಡಸಾಲೆಯ ಕೊನೆಯ ಬೆಂಚಿನಿಂದ ಒಬ್ಬ ಮುದುಕಿ ಎದ್ದು ಹತ್ತಿರ ಬಂದು, "ಅವನು ಇಲ್ಲಪ್ಪ, ಸುಮ್ನೆ ಕೂಗಬೇಡ," ಎಂದಳು. ಆದರೂ ನಿಯಮ ಇತ್ತಲ್ಲ, ಅವಳ ಮುಂದೆಯೇ ಇನ್ನೆರಡು ಸಲ ಕೂಗಿದೆ. ಯಾರೂ ಬರಲಿಲ್ಲ.